ನಡೆದೇ ದೇಶ ದಾಟುವುದು: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮಗೆ ಗಡಿ ಎಂದರೆ ಮಾಕುಟ್ಟ, ಕುಟ್ಟ, ಕರಿಕೆ. ಬಸ್ಸಿನಲ್ಲಿ ನಿದ್ದೆ ಹೋದವರಿಗೆ ಅಂಗಡಿ ಬೋರ್ಡಿನ ಅಕ್ಷರ ಬದಲಾದ ಮೇಲೆಯೇ ಕೇರಳ ಬಂದದ್ದು ತಿಳಿಯುತ್ತದೆ. ದೇಶದ ಗಡಿ ಹಾಗಲ್ಲ. ಆದರೂ ಎಷ್ಟೋ ಜನ ಅಂದುಕೊಂಡಷ್ಟು ಭಯಂಕರವೂ ಅಲ್ಲ. ನಾನು ಅಮ್ಮತ್ತಿ ಕಡೆಯ ಸಣ್ಣ ಕಾಫಿ ಬೆಳೆಗಾರ. ನೇಪಾಳಕ್ಕೆ ಮೂರು ಸಲ, ಭೂತಾನಿಗೆ ಒಂದು ಸಲ, ಸಿಂಗಪುರದಿಂದ ಮಲೇಷ್ಯಾಕ್ಕೆ ಒಂದು ಸಲ ನೆಲದ ಮೇಲೆಯೇ ದಾಟಿದ್ದೇನೆ. ಇಷ್ಟಕ್ಕೇ ಊರಿನಲ್ಲಿ ನನಗೆ ತಜ್ಞನ ಪಟ್ಟ ಸಿಕ್ಕಿದೆ. ಕಾಫಿ ಕೊಯ್ಲು ಮುಗಿಯುತ್ತಿದ್ದಂತೆ ಫೋನ್ ಬಡಿದುಕೊಳ್ಳತೊಡಗುತ್ತದೆ. ಪ್ರತಿ ವರ್ಷ ಅವೇ ಪ್ರಶ್ನೆಗಳು. ಹಾಗಾಗಿ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ.

ನಡೆದುಕೊಂಡು ಇನ್ನೊಂದು ದೇಶಕ್ಕೆ ಹೋಗುವುದು ಕಾನೂನಿಗೆ ಒಪ್ಪಿತವೇ?

ಒಪ್ಪಿತ. ನೀವು ವಿಮಾನದಲ್ಲಿ ಬಂದಿರೋ ಚಪ್ಪಲಿ ಸವೆಸಿಕೊಂಡು ಬಂದಿರೋ ಎನ್ನುವುದನ್ನು ಕಾನೂನು ಕೇಳುವುದಿಲ್ಲ. ಸರ್ಕಾರ ಗೊತ್ತುಪಡಿಸಿದ ಜಾಗದಲ್ಲಿ, ಸರಿಯಾದ ಕಾಗದ ಹಿಡಿದು ದಾಟಿದಿರೋ ಎಂಬುದಷ್ಟೇ ಅದಕ್ಕೆ ಮುಖ್ಯ.

ಮನೆಗೆ ಒಂದು ಬಾಗಿಲಾದರೆ ಗಡಿಗೆ ಎರಡು. ಮೊದಲ ಬಾಗಿಲಲ್ಲಿ ನಿಮ್ಮ ದೇಶ ನಿಮ್ಮನ್ನು ಕಳುಹಿಸಿಕೊಡಬೇಕು: ವಲಸೆ ಕೌಂಟರಿನಲ್ಲಿ ನಿರ್ಗಮನದ ಮೊಹರು, ನಂತರ ಕಸ್ಟಮ್ಸ್. ನಡುವೆ ಯಾರಿಗೂ ಸೇರದ ಒಂದಿಷ್ಟು ನೆಲ. ಎರಡನೆಯ ಬಾಗಿಲಲ್ಲಿ ಆ ದೇಶ ನಿಮ್ಮನ್ನು ಒಳಗೆ ಕರೆದುಕೊಳ್ಳಬೇಕು: ವೀಸಾ, ಪ್ರವೇಶದ ಮೊಹರು, ಮತ್ತೆ ಕಸ್ಟಮ್ಸ್. ವಿಮಾನ ನಿಲ್ದಾಣದಲ್ಲಿ ಹಗ್ಗ ಕಟ್ಟಿ ಕುರಿ ಹೊಡೆದಂತೆ ನಿಮ್ಮನ್ನು ಈ ಎರಡೂ ಬಾಗಿಲಿಗೆ ಮುಟ್ಟಿಸುತ್ತಾರೆ. ನೆಲದ ಗಡಿಯಲ್ಲಿ ಹಗ್ಗವಿಲ್ಲ. ಎಷ್ಟೋ ಕಡೆ ವಲಸೆ ಕಚೇರಿ ಎಂದರೆ ಮೊಬೈಲ್ ಅಂಗಡಿಗೂ ಲಾಡ್ಜಿಗೂ ನಡುವೆ ಇರುವ ಒಂದು ಕೋಣೆ. ನೀವೇ ಹುಡುಕಿಕೊಂಡು ಹೋಗಬೇಕು. ತಪ್ಪುಗಳೆಲ್ಲ ಆಗುವುದು ಇಲ್ಲೇ.

ಪಾಸ್‌ಪೋರ್ಟ್ ಇಲ್ಲದೆ ಎಲ್ಲಿಗೆ ಹೋಗಬಹುದು?

ಭಾರತದ ಪ್ರಜೆಗಳು ನೇಪಾಳ ಮತ್ತು ಭೂತಾನಿಗೆ ಹೋಗಬಹುದು. ಎರಡಕ್ಕೂ ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲದಿದ್ದರೆ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ನಡೆಯುತ್ತದೆ. ನೇಪಾಳದ ಜೊತೆಗಿನ ಈ ಸಲಿಗೆಗೆ ಆಧಾರ 1950ರ ಜುಲೈ 31ರಂದು ಆದ ಶಾಂತಿ ಮತ್ತು ಮೈತ್ರಿ ಒಪ್ಪಂದ. ನಮ್ಮ ತೋಟಗಳಲ್ಲಿ ನೇಪಾಳದವರು ಪರ್ಮಿಟ್ಟಿನ ಗೊಡವೆಯಿಲ್ಲದೆ ಕೆಲಸ ಮಾಡುವುದೂ ಅದೇ ಒಪ್ಪಂದದ ಬಲದಿಂದ.

ಬೇರೆ ಯಾವ ದೇಶಕ್ಕಾದರೂ ಪಾಸ್‌ಪೋರ್ಟ್ ಬೇಕೇ ಬೇಕು. ಹಲವು ದೇಶಗಳು ಅದಕ್ಕೆ ಇನ್ನೂ ಆರು ತಿಂಗಳ ಆಯುಷ್ಯವಿರಬೇಕು ಎನ್ನುತ್ತವೆ. ಮೊಹರಿಗೆ ಖಾಲಿ ಪುಟಗಳೂ ಇರಲಿ. ದೊಡ್ಡವರ 36 ಪುಟದ ಸಾಮಾನ್ಯ ಪಾಸ್‌ಪೋರ್ಟಿಗೆ 1500 ರೂಪಾಯಿ ಶುಲ್ಕ, ಹತ್ತು ವರ್ಷದ ಬಾಳಿಕೆ. ನಮ್ಮ ಕಡೆಯವರಿಗೆ ಮೈಸೂರು, ಮಂಗಳೂರು ಎರಡೂ ಒಂದು ದಿನದ ಓಡಾಟ.

ಆಧಾರ್ ಸಾಲದೇ? ಎಲ್ಲದಕ್ಕೂ ಅದನ್ನೇ ಕೇಳುತ್ತಾರಲ್ಲ?

ಇಲ್ಲಿ ಸಾಲದು. ನೇಪಾಳ, ಭೂತಾನ್ ಪ್ರಯಾಣಕ್ಕೆ ಕೇಂದ್ರ ಗೃಹ ಸಚಿವಾಲಯ ಆಧಾರ್ ಒಪ್ಪಿರುವುದು 15 ವರ್ಷಕ್ಕಿಂತ ಕಿರಿಯರಿಗೆ ಮತ್ತು 65 ದಾಟಿದವರಿಗೆ ಮಾತ್ರ. ನಡುವಿನ ವಯಸ್ಸಿನವರಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿಯೇ ಆಗಬೇಕು. ನೇಪಾಳಕ್ಕೆ ಹೋಗುವ 15ರಿಂದ 18ರೊಳಗಿನ ಮಕ್ಕಳಿಗೆ ಶಾಲೆಯ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಕೊಟ್ಟ ಗುರುತಿನ ಪತ್ರ ನಡೆಯುತ್ತದೆ. ಭೂತಾನಿಗಾದರೆ 18ರೊಳಗಿನವರ ಜೊತೆ ತಂದೆತಾಯಿ ಅಥವಾ ಪೋಷಕರಿರಬೇಕು, ಜನನ ಪ್ರಮಾಣಪತ್ರವೂ ಇರಬೇಕು. ಮೂಲ ಕಾರ್ಡನ್ನೇ ಒಯ್ಯಿರಿ. ಮೊಬೈಲಿನಲ್ಲಿರುವ ಫೋಟೋ ತೋರಿಸಿದರೆ ಕೆಲವರು ಬಿಡುತ್ತಾರೆ, ಕೆಲವರು ಬಿಡುವುದಿಲ್ಲ. ಅಲ್ಲಿಂದ ಮಡಿಕೇರಿಗೆ ಮರಳಿ ಬಂದು ಕಾರ್ಡ್ ತರಲಾಗುವುದಿಲ್ಲ.

ನನ್ನ ಮತದಾರರ ಚೀಟಿಯಲ್ಲಿ ತವರಿನ ಮನೆತನದ ಹೆಸರು, ಪಾಸ್‌ಪೋರ್ಟಿನಲ್ಲಿ ಗಂಡನ ಮನೆಯದು. ತೊಂದರೆಯೇ?

ಕೊಡಗಿನಿಂದಲೇ ಬರುವ ಪ್ರಶ್ನೆ ಇದು, ಅದೂ ಪ್ರತಿ ವರ್ಷ. ನಮ್ಮಲ್ಲಿ ಮನೆತನದ ಹೆಸರು ಮೊದಲು, ವ್ಯಕ್ತಿಯ ಹೆಸರು ಆಮೇಲೆ. ಅರ್ಜಿ ತುಂಬುವ ಹುಡುಗ ಒಮ್ಮೆ ಅದನ್ನು ಇನಿಷಿಯಲ್ ಮಾಡುತ್ತಾನೆ, ಒಮ್ಮೆ ಉಪನಾಮದ ಕಾಲಂಗೆ ತಳ್ಳುತ್ತಾನೆ, ಇನ್ನೊಮ್ಮೆ ಎರಡನ್ನೂ ಅಂಟಿಸಿ ಒಂದೇ ಪದ ಮಾಡುತ್ತಾನೆ. ಮದುವೆಯಾದ ಹೆಣ್ಣುಮಕ್ಕಳಿಗೆ ಇದು ದುಪ್ಪಟ್ಟು ಗೋಳು.

ಒಂದು ಪ್ರಯಾಣಕ್ಕೆ ಒಂದೇ ದಾಖಲೆಯನ್ನು ಆರಿಸಿಕೊಂಡು ಎಲ್ಲಾ ಕಡೆಯೂ ಅದನ್ನೇ ತೋರಿಸಿ. ಭೂತಾನಿನ ಪರ್ಮಿಟ್ಟಿಗೆ ಮತದಾರರ ಚೀಟಿ ಕೊಟ್ಟಿದ್ದರೆ ಹೋಟೆಲಿನಲ್ಲೂ ಮುಂದಿನ ತಪಾಸಣೆಯಲ್ಲೂ ಅದೇ ಇರಲಿ. ವೀಸಾ ಬೇಕಾದ ದೇಶವಾದರೆ ಅರ್ಜಿಯಲ್ಲಿ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ, ಅಕ್ಷರಕ್ಕೆ ಅಕ್ಷರ, ಹೆಸರು ಬರೆಯಿರಿ. ನಮ್ಮ ಹೆಸರು ಹೀಗೆ ಎಂದು ಗಡಿಯ ಅಧಿಕಾರಿಗೆ ಕೊಡಗಿನ ಸಂಪ್ರದಾಯ ವಿವರಿಸಲು ಹೋಗಬೇಡಿ. ನಾನು ಒಮ್ಮೆ ಆ ಸಾಹಸ ಮಾಡಿ ಹಿಂದಿದ್ದ ಇಪ್ಪತ್ತು ಜನರ ಶಾಪ ತಿಂದಿದ್ದೇನೆ.

ಕೊಡಗಿನಿಂದ ಹೋಗುವವರಿಗೆ ಮೊದಲ ಸಲಕ್ಕೆ ಯಾವ ಗಡಿ ಒಳ್ಳೆಯದು?

ಉತ್ತರ ಪ್ರದೇಶದಿಂದ ನೇಪಾಳಕ್ಕೆ ದಾಟುವ ಸುನೌಲಿ ಎನ್ನುತ್ತೇನೆ. ಚೆಂದದ ಊರೇನಲ್ಲ. ಆದರೂ ಗಡಿ ಎಂದರೆ ಏನು ಎಂದು ಅಲ್ಲಿ ಕಲಿತವರು ಬೇರೆಲ್ಲೂ ಗಾಬರಿಬೀಳುವುದಿಲ್ಲ.

ನಮ್ಮ ಜಿಲ್ಲೆಗೆ ರೈಲಿಲ್ಲ, ಆದ್ದರಿಂದ ಮೊದಲು ಬೆಂಗಳೂರು. ಯಶವಂತಪುರದಿಂದ ಗೋರಖ್‌ಪುರಕ್ಕೆ ನೇರ ರೈಲಿದೆ. ಗೋರಖ್‌ಪುರದ 1366 ಮೀಟರಿನ ಪ್ಲಾಟ್‌ಫಾರ್ಮ್ ಒಂದು ಕಾಲಕ್ಕೆ ಜಗತ್ತಿನಲ್ಲೇ ಉದ್ದದ್ದು. 2023ರಲ್ಲಿ ನಮ್ಮ ಹುಬ್ಬಳ್ಳಿಯ 1507 ಮೀಟರ್ ಅದನ್ನು ಹಿಂದಿಕ್ಕಿತು. ಈ ವಿಷಯವನ್ನು ಅಲ್ಲಿನ ಚಹಾದವನಿಗೆ ಹೇಳಿದೆ, ಅವನು ನಂಬಲಿಲ್ಲ. ಅಲ್ಲಿಂದ ಸುನೌಲಿಗೆ ಸುಮಾರು ನೂರು ಕಿಲೋಮೀಟರ್ ಬಸ್ ದಾರಿ.

ಮೊದಲ ಸಲ ನಾನು ಹೋದದ್ದು ನಮ್ಮ ತೋಟದ ಕಾವಲಿನವನ ಜೊತೆ. ಅವನು ಲೈನ್ ಮನೆಗೆ ಬಂದು ಆರು ವರ್ಷವಾಗಿತ್ತು. ತಂಗಿಯ ಮದುವೆಗೆ ಊರಿಗೆ ಹೊರಟವನು, ಸಾಹುಕಾರರೂ ಬನ್ನಿ ಎಂದ. ಬಸ್ಸಿಳಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ರಸ್ತೆಯ ಎರಡೂ ಬದಿಗೆ ಲಾರಿಗಳ ಸಾಲು, ಕೆಳಗೆ ಸ್ಟೌ ಹಚ್ಚಿ ರೊಟ್ಟಿ ಸುಡುವ ಚಾಲಕರು. ಸೈಕಲ್ ರಿಕ್ಷಾದವರು ಮುತ್ತಿಕೊಂಡರು. ಬೇಡವೆಂದು ನಡೆದೆವು. ನಮ್ಮ ಕಡೆಯ ಗೇಟಿನ ಬಳಿ ಸಶಸ್ತ್ರ ಸೀಮಾ ಬಲದ ಜವಾನ. ನೇಪಾಳ, ಭೂತಾನ್ ಎರಡೂ ಗಡಿಗಳನ್ನು ಕಾಯುವವರು ಅವರೇ. ನನ್ನ ಚೀಟಿಯನ್ನು ಟಾರ್ಚಿನ ಬೆಳಕಿಗೆ ಹಿಡಿದು ಕನ್ನಡದ ಸಾಲನ್ನು ಎರಡು ಸಲ ನೋಡಿದ, ತಿರುಗಿಸಿದ, ಕೊಟ್ಟ. ಬಹದ್ದೂರನ ನೇಪಾಳಿ ನಾಗರಿಕತೆಯ ಪತ್ರವನ್ನೂ ಓದಿ ನನ್ನ ಕೈಗೇ ಕೊಟ್ಟ. ಅದರಲ್ಲಿ ಬೇರೆಯೇ ಹೆಸರಿತ್ತು. ತೋಟದಲ್ಲಿ ಎಲ್ಲರೂ ಬಹದ್ದೂರ್ ಎಂದು ಕರೆಯುತ್ತಿದ್ದೆವು, ಸಂಬಳದ ಪುಸ್ತಕದಲ್ಲಿ ರೈಟರ್ ಬರೆಯುತ್ತಿದ್ದದ್ದೂ ಅದನ್ನೇ. ಅವನು ಒಮ್ಮೆಯೂ ತಿದ್ದಿರಲಿಲ್ಲ. ನೂರು ಹೆಜ್ಜೆ ನಡೆದೆವು. ಇನ್ನೊಂದು ಕಮಾನು ಬಂತು, ಅದರಾಚೆ ನೇಪಾಳದ ಬೇಲಹಿಯಾ. ಅಲ್ಲಿ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಗಡಿಯಾರವನ್ನು ಹದಿನೈದು ನಿಮಿಷ ಮುಂದಿಟ್ಟುಕೊಂಡೆ, ಅಷ್ಟೇ ವಿದೇಶ. ಭೈರಹವಾ ಊರು ನಾಲ್ಕು ಕಿಲೋಮೀಟರ್, ಲುಂಬಿನಿ ಅಲ್ಲಿಂದ ಒಂದು ಗಂಟೆಯೊಳಗಿನ ಹಾದಿ.

ಬೇರೆ ದಾರಿಗಳೂ ಇವೆ. ಬಿಹಾರದ ರಕ್ಸೌಲ್‌ನಿಂದ ಬೀರ್‌ಗಂಜ್, ಉತ್ತರಾಖಂಡದ ಬನ್‌ಬಾಸಾದಿಂದ ಮಹೇಂದ್ರನಗರ, ಸಿಲಿಗುರಿ ಬಳಿಯ ಪಾನಿಟಂಕಿಯಿಂದ ಮೇಚಿ ನದಿಯ ಸೇತುವೆ ಮೇಲೆ ಕಾಕರಭಿಟ್ಟಾ. ನಡೆಯುವ ಸುಖಕ್ಕೆ ಕೊನೆಯದೇ ವಾಸಿ. ನದಿಯೇ ಗಡಿಯಾದಾಗ ನಾವು ದಾಟುತ್ತಿದ್ದೇವೆ ಎನ್ನುವುದು ಕಾಲಿಗೆ ತಿಳಿಯುತ್ತದೆ. ಕುಶಾಲನಗರದ ಸೇತುವೆ ದಾಟಿ ಕೊಪ್ಪಕ್ಕೆ ಹೋದಂತೆ. 1956ರ ನವೆಂಬರ್ 1ರವರೆಗೆ ಆ ಸೇತುವೆಯ ಆಚೆ ಬೇರೆ ರಾಜ್ಯವಿತ್ತು ಎಂಬುದನ್ನು ನಮ್ಮ ಅಜ್ಜ ಕೊನೆಯವರೆಗೂ ಮರೆತಿರಲಿಲ್ಲ. ಮೈಸೂರಿಗೆ ಹೋಗುವುದಕ್ಕೆ 'ಸೀಮೆ ದಾಟುವುದು' ಎಂದೇ ಹೇಳುತ್ತಿದ್ದರು.

ನಮ್ಮ ಹೋಂಸ್ಟೇಗೆ ಬಂದ ವಿದೇಶಿ ಅತಿಥಿಯೂ ಹೀಗೆಯೇ ನೇಪಾಳಕ್ಕೆ ನಡೆದುಹೋಗಬಹುದೇ?

ಹೋಗಬಹುದು, ಆದರೆ ಹೀಗೆಯೇ ಅಲ್ಲ. ಮುಕ್ತ ಗಡಿ ಇರುವುದು ಭಾರತೀಯರಿಗೆ ಮತ್ತು ನೇಪಾಳಿಯರಿಗೆ ಮಾತ್ರ. ಅವರು ಭಾರತದ ವಲಸೆ ಕಚೇರಿಯಲ್ಲಿ ನಿರ್ಗಮನದ ಮೊಹರು ಹಾಕಿಸಿಕೊಂಡು, ಆಮೇಲೆ ನೇಪಾಳದ ಕಚೇರಿಯಲ್ಲಿ ವೀಸಾ ಪಡೆಯಬೇಕು. ಬಹುತೇಕ ದೇಶದವರಿಗೆ ಅಲ್ಲೇ ಕೊಡುತ್ತಾರೆ: 15 ದಿನಕ್ಕೆ 30 ಡಾಲರ್, 30 ದಿನಕ್ಕೆ 50, 90 ದಿನಕ್ಕೆ 125. ಡಾಲರ್ ನೋಟುಗಳನ್ನೇ ಇಟ್ಟುಕೊಂಡಿರಲಿ.

ಅವರು ಗುಂಪಿನ ಜೊತೆ ಮಾತಾಡುತ್ತಾ ನೇರ ನಡೆದುಬಿಟ್ಟರೆ ತಡೆಯುವವರೇ ಇರುವುದಿಲ್ಲ. ಆಗ ಭಾರತದ ಲೆಕ್ಕದಲ್ಲಿ ಅವರು ಇನ್ನೂ ಭಾರತದಲ್ಲೇ ಇದ್ದಾರೆ, ನೇಪಾಳದ ಲೆಕ್ಕದಲ್ಲಿ ಕಳ್ಳದಾರಿಯಲ್ಲಿ ನುಗ್ಗಿದ್ದಾರೆ. ನಮ್ಮ ಕಡೆ ಉಳಿದಿದ್ದ ಒಬ್ಬ ಹುಡುಗನಿಗೆ ಹೀಗಾಗಿ, ಊರು ಸುತ್ತಿ ಎರಡು ದಿನದ ನಂತರ ಮತ್ತೆ ಗಡಿಗೆ ಬಂದು ಕೈಮುಗಿಯಬೇಕಾಯಿತು. ಅವರು ಮರಳಿ ಭಾರತಕ್ಕೆ ಬರುವವರಾದರೆ ವೀಸಾ ಒಂದಕ್ಕಿಂತ ಹೆಚ್ಚು ಪ್ರವೇಶಕ್ಕೆ ಒಪ್ಪುತ್ತದೆಯೇ ಎಂದು ಹೊರಡುವ ಮುನ್ನವೇ ನೋಡಲಿ. ಇ-ವೀಸಾ ಇದ್ದವರು ಭಾರತಕ್ಕೆ ಸರ್ಕಾರ ಪಟ್ಟಿ ಮಾಡಿದ ಸ್ಥಳಗಳ ಮೂಲಕ ಮಾತ್ರ ಬರಬೇಕು. ಅವರು ಬರುವ ಗಡಿ ಆ ಪಟ್ಟಿಯಲ್ಲಿದೆಯೇ ಎಂದು ಅಧಿಕೃತ ತಾಣದಲ್ಲಿ ನೋಡಿಕೊಳ್ಳದೆ ಟಿಕೆಟ್ ಮಾಡಿಸಬಾರದು.

ಇನ್ನೊಂದು ನಿಮಗೆ. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ವಿವರ ಸಲ್ಲಿಸುವುದು ಹೋಂಸ್ಟೇ ಮಾಲೀಕರ ಹೊಣೆ. 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಯಲ್ಲಿದೆ. 1920, 1939, 1946ರ ಹಳೆಯ ಕಾಯ್ದೆಗಳೆಲ್ಲ ಅದರೊಳಗೆ ಮುಳುಗಿದವು, ಈ ಹೊಣೆ ಮುಳುಗಲಿಲ್ಲ.

ಬೈಲುಕುಪ್ಪೆಯ ಟಿಬೆಟನ್ ಗೆಳೆಯ ಜೊತೆಗೆ ಬರಬಹುದೇ?

ಅವರು ಇಲ್ಲೇ ಹುಟ್ಟಿ, ನಮಗಿಂತ ಚೆನ್ನಾಗಿ ಕನ್ನಡ ಮಾತಾಡುತ್ತಿರಬಹುದು. ಆದರೆ ನೋಂದಣಿ ಪುಸ್ತಿಕೆ ಮಾತ್ರ ಇದ್ದರೆ ಅವರು ಭಾರತದ ಪ್ರಜೆಯಲ್ಲ, ಮುಕ್ತ ಗಡಿಯ ಸಲಿಗೆ ಅವರಿಗಿಲ್ಲ. ವಿದೇಶಕ್ಕೆ ಹೋಗಲು ಅವರಿಗೆ ಭಾರತ ಸರ್ಕಾರ ಕೊಡುವ ಹಳದಿ ಗುರುತಿನ ಪುಸ್ತಕ ಬೇಕು, ಹೋಗುವ ದೇಶದ ವೀಸಾ ಬೇಕು, ಮರಳುವ ಅನುಮತಿಯೂ ಬೇಕು. ಭಾರತೀಯ ಪಾಸ್‌ಪೋರ್ಟ್ ಪಡೆದಿದ್ದರೆ ಮಾತು ಬೇರೆ. ಗೆಳೆತನದ ಭರದಲ್ಲಿ, ಯಾರು ಕೇಳುತ್ತಾರೆ ಬನ್ನಿ ಎಂದು ಕರೆದುಕೊಂಡು ಹೋಗಬೇಡಿ. ಸಿಕ್ಕಿಬಿದ್ದರೆ ನಿಮಗಾಗುವುದು ಮುಜುಗರ ಅಷ್ಟೇ, ಅವರಿಗೆ ಅದು ಇಡೀ ಬದುಕಿನ ಪ್ರಶ್ನೆ.

ದುಡ್ಡು ಎಷ್ಟು, ಯಾವ ನೋಟು?

ನೇಪಾಳಕ್ಕೆ ನೂರರ ನೋಟುಗಳು. ನಮ್ಮ ಒಂದು ರೂಪಾಯಿಗೆ ಅಲ್ಲಿನ 1.60. ಈ ದರ 1993ರಿಂದ ಕದಲಿಲ್ಲ, ಆದ್ದರಿಂದ ವಿನಿಮಯದವನ ಜೊತೆ ಚೌಕಾಸಿಗೆ ಅರ್ಥವಿಲ್ಲ. ನೂರಕ್ಕೆ 160 ಕೊಟ್ಟನೋ ಎಂದು ಎಣಿಸಿಕೊಳ್ಳಿ, ಅಷ್ಟೇ. 2018ರ ಡಿಸೆಂಬರಿನಲ್ಲಿ ನೇಪಾಳ ನಮ್ಮ 200, 500, 2000ದ ನೋಟುಗಳನ್ನು ನಿಷೇಧಿಸಿತ್ತು. ದೊಡ್ಡ ನೋಟಿನ ನಿಯಮ ಆಗಾಗ ಬದಲಾಗುವಂಥದ್ದು, ನೂರರದ್ದಕ್ಕೆ ಎಂದೂ ತಕರಾರಿಲ್ಲ. ಭೂತಾನಿನ ಙುಲ್ಟ್ರಮ್ ರೂಪಾಯಿಗೆ ಸರಿಸಮ. ಎರಡೂ ದೇಶಗಳಲ್ಲಿ ಯುಪಿಐ ಕ್ಯೂಆರ್ ಬಂದಿದೆ, ಆದರೆ ಗಡಿ ದಾಟಿದ ಕೂಡಲೇ ನಿಮ್ಮ ಸಿಮ್ ಸತ್ತಿರುತ್ತದೆ ಎಂಬುದನ್ನು ಮರೆಯಬೇಡಿ.

ಭೂತಾನಿಗೆ ನಡೆದು ಹೋಗುವುದು ಹೇಗೆ?

ಪಶ್ಚಿಮ ಬಂಗಾಳದ ಜೈಗಾಂವ್‌ನಿಂದ ಫುಂಟ್‌ಶೋಲಿಂಗ್‌ಗೆ. ಹತ್ತಿರದ ರೈಲು ನಿಲ್ದಾಣ ಹಾಸಿಮಾರಾ. ಈ ಎರಡು ಊರುಗಳ ನಡುವೆ ಒಂದು ಗೋಡೆ ಮಾತ್ರ. ಈಚೆ ಹಾರ್ನು, ಧೂಳು, ಚರಂಡಿ. ಆಚೆ ನಿಶ್ಶಬ್ದ, ರಸ್ತೆ ದಾಟುವವರಿಗಾಗಿ ನಿಂತು ಕಾಯುವ ಕಾರುಗಳು. ಗಡಿಯಾರ ಅರ್ಧ ಗಂಟೆ ಮುಂದೆ. ನಡೆದು ಬರುವವರಿಗೆ ಪ್ರತ್ಯೇಕ ದ್ವಾರವಿದೆ, ವಾಹನದ ಗೇಟಿನಲ್ಲಿ ನುಸುಳಲು ಬಿಡುವುದಿಲ್ಲ.

ಫುಂಟ್‌ಶೋಲಿಂಗ್ ದಾಟಿ ಥಿಂಫು, ಪಾರೋ ಕಡೆಗೆ ಹೋಗಲು ಪ್ರವೇಶ ಪರ್ಮಿಟ್ ಬೇಕು, ಜೊತೆಗೆ ಸುಸ್ಥಿರ ಅಭಿವೃದ್ಧಿ ಶುಲ್ಕ. 2022ರ ಸೆಪ್ಟೆಂಬರ್ 23ರಂದು ಕೊರೊನಾ ನಂತರ ಗಡಿ ತೆರೆದಾಗಿನಿಂದ ಭಾರತೀಯರಿಗೆ ಇದು ತಲೆಗೆ, ರಾತ್ರಿಗೆ 1200 ರೂಪಾಯಿ. 6ರಿಂದ 12 ವರ್ಷದ ಮಕ್ಕಳಿಗೆ ಅರ್ಧ, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ನಾಲ್ಕು ಜನ ದೊಡ್ಡವರು ಐದು ರಾತ್ರಿ ಉಳಿದರೆ ಹೋಟೆಲ್ ಬಾಡಿಗೆಗೆ ಮೊದಲೇ 24,000. ಇದನ್ನು ಕೇಳಿ ಬಹಳ ಜನ ನೇಪಾಳಕ್ಕೆ ಮನಸ್ಸು ಬದಲಾಯಿಸುತ್ತಾರೆ. ನನಗಾದರೆ ಆ ಶುಲ್ಕದ ಮೇಲೆ ಸಿಟ್ಟಿಲ್ಲ. ಮಳೆ ಬಿಟ್ಟ ಭಾನುವಾರ ಮಡಿಕೇರಿಯ ರಾಜಾಸೀಟಿನ ಬಳಿ ವಾಹನ ಸಾಲು ನೋಡಿದವರಿಗೆ ಭೂತಾನಿನವರ ಲೆಕ್ಕಾಚಾರ ಅರ್ಥವಾಗುತ್ತದೆ.

ಪರ್ಮಿಟ್ ನೋಡುವುದು ಗಡಿಯಲ್ಲಲ್ಲ, ಊರು ದಾಟಿ ಘಾಟಿ ಏರುವಾಗ ಸಿಗುವ ರಿಂಚೆಂಡಿಂಗ್ ತಪಾಸಣೆಯಲ್ಲಿ. ಅಲ್ಲಿಯವರೆಗೆ ಯಾರೂ ಕೇಳಲಿಲ್ಲವೆಂದು ಬೇಡವೆಂದುಕೊಂಡು ಹೋದವರನ್ನು ಅಲ್ಲಿಂದ ಕೆಳಗಿಳಿಸುತ್ತಾರೆ.

ನಮಗೆ ಕೋವಿ ಲೈಸೆನ್ಸ್ ವಿನಾಯಿತಿ ಇದೆಯಲ್ಲ. ಪೀಚೆಕತ್ತಿ ಒಯ್ಯಬಹುದೇ?

ತಮಾಷೆಗೆ ಕೇಳುವವರು ಕೆಲವರು, ನಿಜವಾಗಿ ಕೇಳುವವರೂ ಇದ್ದಾರೆ. ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಶಸ್ತ್ರಾಸ್ತ್ರ ಕಾಯ್ದೆಯಿಂದ ಇರುವ ವಿನಾಯಿತಿ ಭಾರತ ಸರ್ಕಾರ ಕೊಟ್ಟದ್ದು. 2019ರಲ್ಲಿ ಅದನ್ನು ಹತ್ತು ವರ್ಷಕ್ಕೆ ವಿಸ್ತರಿಸಿದರು. ಇನ್ನೊಂದು ದೇಶಕ್ಕೆ ಅದರ ಹಂಗಿಲ್ಲ. ಕೋವಿಯೂ ಬೇಡ, ಪೀಚೆಕತ್ತಿ, ಒಡಿಕತ್ತಿಯೂ ಬೇಡ. ಅಲ್ಲಿ ಯಾರದೋ ಮದುವೆಗೆ ನಮ್ಮ ಸಾಂಪ್ರದಾಯಿಕ ಉಡುಪು ಕುಪ್ಯಚೇಲೆ ಉಟ್ಟು ನಿಲ್ಲುವ ಆಸೆಯಿದ್ದರೆ ಸೊಂಟ ಬರಿದಾಗಿರಲಿ.

ನಿಜವಾದ ಅಪಾಯ ಕೋವಿಯಲ್ಲ, ಅದರ ತೋಟಾ. ನೇಪಾಳಕ್ಕೆ ಎರಡನೆಯ ಸಲ ಹೊರಟಾಗ ಭಾವ ತನ್ನ ಹಳೆಯ ಬ್ಯಾಗನ್ನೇ ತಂದಿದ್ದ. ತೋಟದಲ್ಲಿ ಆನೆ ಬಂದ ರಾತ್ರಿಗಳಲ್ಲಿ ಹೆಗಲಿಗೆ ಹಾಕಿಕೊಂಡು ಓಡಾಡುತ್ತಿದ್ದ ಬ್ಯಾಗ್ ಅದು. ಅತ್ತೆ ಅದನ್ನು ಒಗೆಯಲೆಂದು ಕಣದಲ್ಲಿ ತಲೆಕೆಳಗಾಗಿ ಕೊಡವಿದರು. ಜಿಗಣೆಗೆಂದು ಕಟ್ಟಿದ್ದ ಹೊಗೆಸೊಪ್ಪಿನ ಗಂಟು ಬಿತ್ತು, ಒಣಗಿದ ಹತ್ತಿಪ್ಪತ್ತು ಕಾಫಿ ಹಣ್ಣು ಬಿತ್ತು. ಕೊನೆಗೆ ಒಳಪದರದ ಹರಕಿನಿಂದ ಠಣ್ ಎಂದು ಒಂದು ಹನ್ನೆರಡು ಬೋರಿನ ತೋಟಾ. ಕೆಂಪು ಕವಚ, ಹಿತ್ತಾಳೆಯ ಬುಡಕ್ಕೆ ಹಸಿರು ಕಿಲುಬು. ಎಷ್ಟು ವರ್ಷದಿಂದ ಅಲ್ಲಿತ್ತೋ. ಭಾವ ನಕ್ಕ, ಅತ್ತೆ ನಗಲಿಲ್ಲ. ಅದರ ಜೊತೆ ಸುನೌಲಿಯಲ್ಲಿ ಸಿಕ್ಕಿದ್ದರೆ ಮರೆತಿದ್ದೆ ಎಂಬ ಮಾತನ್ನು ಯಾರು ಕೇಳುತ್ತಿದ್ದರು? ಕೊಡಗಿನ ಮನೆಯ ಬ್ಯಾಗು ಎಂದ ಮೇಲೆ ಹೊಲಿಗೆಯವರೆಗೂ ತಡಕಿ. ಆಗದಿದ್ದರೆ ಹೊಸದನ್ನು ಕೊಳ್ಳಿ.

ಕಾಫಿ ಪುಡಿ, ಕಾಳುಮೆಣಸು, ಹಂದಿ ಉಪ್ಪಿನಕಾಯಿ?

ಹುರಿದು ಪುಡಿ ಮಾಡಿದ ಕಾಫಿ ಮನೆ ಬಳಕೆಯಷ್ಟಿದ್ದರೆ ಸಾಮಾನ್ಯವಾಗಿ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಹಸಿ ಬೀಜ, ಗಿಡ, ಬಳ್ಳಿ, ಮಣ್ಣು ಅಂಟಿದ ಬೇರು ಬೇಡವೇ ಬೇಡ. ಸಸ್ಯರೋಗದ ಭಯದಿಂದ ಎಲ್ಲ ದೇಶಗಳೂ ಇವನ್ನು ತಡೆಯುತ್ತವೆ. ಕಾಫಿ ಗಿಡದ ಕಾಂಡಕೊರಕ ಹುಳ ಕಂಡವರಿಗೆ ಆ ಭಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಂದಿ ಮಾಂಸದ ಯಾವ ರೂಪವೂ ಬೇಡ. ಸಿಂಗಪುರದಲ್ಲಿ ಅದು ದಂಡದ ಬಾಬತ್ತು. ಮಗ ಸಿಂಗಪುರದಲ್ಲಿ ಆಸೆಪಡುತ್ತಾನೆಂದು ಕಾಚಂಪುಳಿ ಎಂಬ ನಮ್ಮ ಹುಳಿರಸದ ಬಾಟಲಿ ಒಯ್ಯುವುದಾದರೆ ಹೆಸರು, ಪದಾರ್ಥ ಬರೆದ ಚೀಟಿ ಅಂಟಿಸಿ. ಕಪ್ಪು ದ್ರವ ತುಂಬಿದ ಹೆಸರಿಲ್ಲದ ಬಾಟಲಿ ಯಾವ ಅಧಿಕಾರಿಗೂ ಇಷ್ಟವಾಗುವುದಿಲ್ಲ.

ಮೆಣಸಿನ ವಿಷಯ ಸ್ವಲ್ಪ ಹೇಳಲೇಬೇಕು. ಹೊರದೇಶದ ಅಗ್ಗದ ಮೆಣಸು ನೆರೆ ದೇಶಗಳ ಗಡಿಯಿಂದ ನುಸುಳಿ ನಮ್ಮ ಬೆಲೆ ಬೀಳಿಸುತ್ತದೆ ಎಂದು ಕೊಡಗಿನ ಬೆಳೆಗಾರರು ವರ್ಷಗಟ್ಟಲೆ ಗೋಳಾಡಿದ ಮೇಲೆ, 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಬೆಲೆ ಕಟ್ಟಿತು. ಅಂಥ ಗಡಿಯಲ್ಲಿ ನೀವೇ ಐದು ಕಿಲೋ ಮೆಣಸು ಹಿಡಿದು ಓಡಾಡಿದರೆ ಅನುಮಾನ ಪಡುವುದು ಅವರ ತಪ್ಪಲ್ಲ. ಮರಳುವಾಗ ವಿಮಾನದಲ್ಲಿ ಬರುವವರಷ್ಟು ಸುಂಕದ ರಿಯಾಯಿತಿ ನೆಲದ ದಾರಿಯಲ್ಲಿಲ್ಲ ಎಂಬುದನ್ನೂ ನೆನಪಿಡಿ.

ಚಾರಣದಲ್ಲಿ ತಿಳಿಯದೆ ಗಡಿ ದಾಟಿದರೆ?

ತಡಿಯಂಡಮೋಳ್, ಬ್ರಹ್ಮಗಿರಿ ಹತ್ತಿದ ಹುಡುಗರು ಮುಂದೆ ಹೋಗುವುದು ಡಾರ್ಜಿಲಿಂಗ್ ಬಳಿಯ ಸಂದಕ್‌ಫುಗೆ, 3636 ಮೀಟರ್. ಸಿಂಗಲೀಲಾ ಸಾಲಿನ ಆ ದಾರಿ ಹಾವಿನಂತೆ ಭಾರತಕ್ಕೂ ನೇಪಾಳಕ್ಕೂ ನಡುವೆ ಹರಿದಾಡುತ್ತದೆ. ಜನ ರಾತ್ರಿ ತಂಗುವ ತುಮ್ಲಿಂಗ್ ಇರುವುದೇ ನೇಪಾಳದಲ್ಲಿ. ಗುರುತಿನ ಚೀಟಿ ಜೇಬಿನಲ್ಲಿದ್ದರೆ ಭಾರತೀಯರಿಗೆ ಅಲ್ಲಿ ಚಿಂತೆಯಿಲ್ಲ, ದಾರಿಯ ಕಾವಲು ಠಾಣೆಗಳಲ್ಲಿ ತೋರಿಸಿದರಾಯಿತು. ಬೇರೆ ಯಾವ ಗಡಿಯಲ್ಲೂ ಈ ಔದಾರ್ಯ ನಿರೀಕ್ಷಿಸಬೇಡಿ. ತಪ್ಪಿ ದಾಟಿದ್ದು ಗೊತ್ತಾದರೆ ಬಂದ ದಾರಿಯಲ್ಲಿ ಸದ್ದಿಲ್ಲದೆ ಜಾರಿಕೊಳ್ಳುವ ಬದಲು ಹತ್ತಿರದ ಠಾಣೆಗೆ ನೀವಾಗಿಯೇ ಹೋಗಿ ಹೇಳಿ. ಓಡುವವನನ್ನು ಕಂಡರೆ ಕಾವಲುಗಾರ ಏನೆಂದುಕೊಳ್ಳುತ್ತಾನೆ ಎಂಬುದು ಕಾಡಂಚಿನವರಾದ ನಮಗೆ ಗೊತ್ತು.

ವಾಘಾ? ಬಾಂಗ್ಲಾ? ಚೀನಾ?

ಅಟ್ಟಾರಿ-ವಾಘಾದ ಸಂಜೆಯ ಕವಾಯತು ನೋಡುವುದು ಗಡಿ ದಾಟುವುದಲ್ಲ, ನೀವು ಕುಳಿತಿರುವುದು ಭಾರತದಲ್ಲೇ. ಪಹಲ್ಗಾಮ್ ದಾಳಿಯ ಮರುದಿನ, 2025ರ ಏಪ್ರಿಲ್ 23ರಂದು, ಅಟ್ಟಾರಿಯ ತಪಾಸಣಾ ಠಾಣೆ ಮುಚ್ಚುವುದಾಗಿ ಸರ್ಕಾರ ಪ್ರಕಟಿಸಿತು. 2019ರ ನವೆಂಬರ್ 9ರಂದು ತೆರೆದಿದ್ದ, ವೀಸಾ ಬೇಡದ ಕರ್ತಾರ್‌ಪುರ ಹಾದಿಯೂ ಮರು ತಿಂಗಳೇ ನಿಂತಿತು. ಬಾಂಗ್ಲಾದೇಶಕ್ಕೆ ಕೋಲ್ಕತ್ತಾ ಬಳಿಯ ಪೆಟ್ರಾಪೋಲ್‌ನಿಂದ ಬೇನಾಪೋಲ್‌ಗೆ ನಡೆಯಬಹುದು, ವೀಸಾ ಕೈಯಲ್ಲಿದ್ದರೆ. 2024ರ ಆಗಸ್ಟಿನ ನಂತರ ಆ ವೀಸಾ ಸಿಗುವುದೇ ಕಷ್ಟವಾಗಿತ್ತು. ಚೀನಾಕ್ಕೆ ನಾಥು ಲಾ, ಲಿಪುಲೇಖ್ ದಾರಿಗಳು ಸರ್ಕಾರದ ಕೈಲಾಸ ಯಾತ್ರೆಯ ತಂಡಗಳಿಗೆ ಮಾತ್ರ. ಆ ಯಾತ್ರೆ 2025ರಲ್ಲಿ ಮತ್ತೆ ಶುರುವಾಯಿತು.

ದಾಟಲು ಅತಿ ಕಷ್ಟದ ಗಡಿ ಯಾವುದು ಎಂದು ಮಕ್ಕಳು ಕೇಳಿದರೆ ನಾನು ಕೊರಿಯಾ ಎನ್ನುತ್ತೇನೆ. 1953-54ರಲ್ಲಿ ಆ ಗಡಿಯ ಸೇನಾರಹಿತ ವಲಯದಲ್ಲಿ ಕುಳಿತು, ಯಾವ ಯುದ್ಧಕೈದಿ ಯಾವ ಕಡೆಗೆ ಹೋಗಬೇಕು ಎಂಬ ಕಗ್ಗಂಟು ಬಿಡಿಸಿದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರು ನಮ್ಮ ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯ. ಅವರ ಮನೆ ಸನ್ನಿಸೈಡ್ ಈಗ ವಸ್ತುಸಂಗ್ರಹಾಲಯ. ಬಸ್ಸಿಗೆ ಕಾಯುವ ಬೇಸರದಲ್ಲಾದರೂ ಒಮ್ಮೆ ಒಳಗೆ ಹೋಗಿ ಬನ್ನಿ.

ಸಿಂಗಪುರಕ್ಕೆ ಮಗನ ಮನೆಗೆ ಹೋಗುತ್ತೇವೆ, ಮಲೇಷ್ಯಾಕ್ಕೆ ನಡೆದು ಹೋಗಿ ಬರಬಹುದೇ?

ಹೋಗುವುದು ಸುಲಭ, ಬರುವುದರಲ್ಲಿ ಗುಂಡಿಯಿದೆ. ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನ ವೀಸಾ ಇಲ್ಲದೆ ಬಿಡುತ್ತಿದೆ, ಮುಂಚಿತವಾಗಿ ಆನ್‌ಲೈನ್ ಆಗಮನ ಚೀಟಿ ತುಂಬಿದರಾಯಿತು. ಸಿಂಗಪುರಕ್ಕೆ ಮಾತ್ರ ವೀಸಾ ಬೇಕು. ನಿಮ್ಮದು ಒಂದೇ ಪ್ರವೇಶದ ವೀಸಾ ಆಗಿದ್ದರೆ ಮಧ್ಯಾಹ್ನದ ಊಟಕ್ಕೆಂದು ಮಲೇಷ್ಯಾದ ಜೊಹೊರ್ ಬಾರುಗೆ ಹೋದವರು ರಾತ್ರಿ ಮಗನ ಮನೆಗೆ ಬರಲಾಗುವುದಿಲ್ಲ. ಸೂಟ್‌ಕೇಸ್ ಅಲ್ಲಿ, ನೀವು ಇಲ್ಲಿ. ಉಡ್‌ಲ್ಯಾಂಡ್ಸ್ ಸೇತುಹಾದಿ ಒಂದು ಕಿಲೋಮೀಟರಿನಷ್ಟು ಉದ್ದ. ಹೆಚ್ಚಿನವರು ಬಸ್ಸಿನಲ್ಲೇ ದಾಟುತ್ತಾರೆ. ಈ ಬದಿ ಇಳಿದು ಮೊಹರು, ಮತ್ತೆ ಬಸ್ಸು, ಆ ಬದಿ ಇಳಿದು ಮೊಹರು. ನಡಿಗೆಯೆಲ್ಲ ತಪಾಸಣಾ ಕಟ್ಟಡದ ಮೆಟ್ಟಿಲುಗಳಲ್ಲೇ ಮುಗಿಯುತ್ತದೆ. ಮೊಣಕಾಲು ನೋವಿನ ಹಿರಿಯರಿಗೆ ಇದನ್ನು ಮೊದಲೇ ಹೇಳಿ.

ಅಮೆರಿಕದಲ್ಲಿರುವ ಮಗಳು ನಯಾಗರಾದಲ್ಲಿ ಕೆನಡಾಕ್ಕೆ ನಡೆದು ಹೋಗಬಹುದೇ?

ರೇನ್‌ಬೋ ಸೇತುವೆಯ ಮೇಲೆ ಕಾಲುದಾರಿಯಿದೆ, ಜಲಪಾತ ನೋಡುತ್ತಾ ದಾಟಬಹುದು. ಭಾರತದ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ಕೆನಡಾದ ವೀಸಾ ಬೇಕು. ಅಮೆರಿಕದ ವೀಸಾ ಮುದ್ರೆಯ ಅವಧಿ ತೀರಿದ್ದು, ವಾಸದ ಅನುಮತಿ ಮಾತ್ರ ಚಾಲ್ತಿಯಲ್ಲಿದ್ದರೆ, 30 ದಿನದೊಳಗೆ ಅಮೆರಿಕಕ್ಕೆ ಮರಳುವವರಿಗೆ ಅಲ್ಲಿ ಒಂದು ರಿಯಾಯಿತಿಯಿದೆ, ಷರತ್ತುಗಳೂ ಇವೆ. ಕಂಪನಿಯ ವಕೀಲರನ್ನು ಕೇಳದೆ ಸೇತುವೆ ಹತ್ತಬಾರದು.

ಏಜೆಂಟರ ಸಹಾಯ ಬೇಕೇ?

ಬೇಡ. ನಿಮ್ಮ ಪಾಸ್‌ಪೋರ್ಟನ್ನು ಸಮವಸ್ತ್ರದಲ್ಲಿರುವ, ಕೌಂಟರಿನ ಹಿಂದೆ ಕುಳಿತ ವ್ಯಕ್ತಿಗೆ ಮಾತ್ರ ಕೊಡಿ. ಗಡಿಯಲ್ಲಿ ಬೇಗ ಮಾಡಿಸಿಕೊಡುತ್ತೇನೆ ಎಂದು ಪಕ್ಕಕ್ಕೆ ಕರೆಯುವವರೆಲ್ಲ ಒಂದೇ ಜಾತಿ. ಫೋಟೋ ತೆಗೆಯುವ ಚಪಲವನ್ನೂ ಠಾಣೆ ದಾಟುವವರೆಗೆ ಅದುಮಿಕೊಳ್ಳಿ.

ಯಾವ ತಿಂಗಳಲ್ಲಿ ಹೋಗುವುದು?

ಕೊಯ್ಲು ಮುಗಿದು, ಕಾಫಿ ಹೂ ಅರಳಿಸುವ ಹೂಮಳೆಗೆ ಮೊದಲು. ಎಂದರೆ ಫೆಬ್ರವರಿ ಕೊನೆಯಿಂದ ಮಾರ್ಚ್ ನಡುವಿನವರೆಗೆ. ಸ್ಪ್ರಿಂಕ್ಲರ್ ಹಾಕುವವರಿಗೆ ಅದೂ ಬಿಡುವಲ್ಲ ಎಂದು ಗೊತ್ತು. ಪುತ್ತರಿ ಹಬ್ಬ ಮುಗಿಸಿ ಡಿಸೆಂಬರಿನಲ್ಲೇ ಹೊರಡುತ್ತೇವೆ ಎನ್ನುವವರು ಉತ್ತರ ಪ್ರದೇಶ, ಬಿಹಾರಗಳ ಮಂಜಿಗೆ ಸಿಕ್ಕಿ ರೈಲಿನಲ್ಲೇ ಅರ್ಧ ರಜೆ ಕಳೆಯುತ್ತಾರೆ. ಬೆಳಿಗ್ಗೆಯೇ ಗಡಿ ಮುಟ್ಟುವಂತೆ ಯೋಜಿಸಿ. ಏನಾದರೂ ಎಡವಟ್ಟಾದರೆ ಸರಿಪಡಿಸಲು ಹಗಲು ಉಳಿದಿರುತ್ತದೆ, ಕತ್ತಲಾದ ಮೇಲೆ ಲಾಡ್ಜಿನವನು ಹೇಳಿದ್ದೇ ಬೆಲೆ.

ಅಮ್ಮನಿಗೆ ಎಪ್ಪತ್ತೆರಡು. ನಡೆಯಲಾದೀತೇ?

ಸುನೌಲಿಯಲ್ಲಿ ಬಸ್ಸು ನಿಲ್ಲುವಲ್ಲಿಂದ ಆಚೆ ವಾಹನ ಸಿಗುವವರೆಗೆ ಒಂದು ಕಿಲೋಮೀಟರಿನೊಳಗೆ, ಸಪಾಟು ರಸ್ತೆ. ಆಗದಿದ್ದರೆ ಸೈಕಲ್ ರಿಕ್ಷಾ ಇದೆ. 65 ದಾಟಿರುವುದರಿಂದ ಅವರಿಗೆ ಆಧಾರ್ ಒಂದೇ ಸಾಕು. ಮನೆಯವರಲ್ಲೆಲ್ಲಾ ಅವರ ಕಾಗದವೇ ಸುಲಭದ್ದು. ನಮ್ಮ ಅತ್ತೆ ಮೂರನೆಯ ಸಲ ಜೊತೆಗೆ ಬಂದವರು ಮೇಚಿ ಸೇತುವೆಯ ನಡುವೆ ನಿಂತು, ಇಲ್ಲಿ ನಿಂತರೆ ಯಾವ ದೇಶ ಎಂದು ಕೇಳಿದರು. ನಾನು ಉತ್ತರ ಹುಡುಕುವಷ್ಟರಲ್ಲಿ ಹಿಂದಿನಿಂದ ಟೊಮ್ಯಾಟೊ ಕ್ರೇಟು ಹೊತ್ತ ಸೈಕಲಿನವನು ಗಂಟೆ ಬಾರಿಸಿದ. ಇಬ್ಬರೂ ಪಕ್ಕಕ್ಕೆ ಸರಿದೆವು.